ಸರ್ಕಾರ ಕಲಿಸಿದ ಕೈಗಳು

ಹೋದ ಭಾನುವಾರ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಅಕ್ಕನ ಮಗ ಮಾತು ತೆಗೆದ. ಹೊರವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ, ಚುರುಕು ಹುಡುಗ. "ಮಾಮ, ಬೆಂಗಳೂರು ಇಷ್ಟು ಬೆಳೆದಿದ್ದೇ ಸರ್ಕಾರ ತಲೆ ಹಾಕದೇ ಇದ್ದಿದ್ದಕ್ಕೆ. ಅದು ಮುಟ್ಟಿದ್ದೆಲ್ಲ ಹಾಳಾಯ್ತು. ವಾಚಿನ ಎಚ್‌ಎಂಟಿ ನೋಡು. ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ ಐಟಿಐ ನೋಡು. ಕೈ ಬಿಟ್ಟಿದ್ದು ಮಾತ್ರ ಉದ್ಧಾರ ಆಯ್ತು" ಅಂದ.

ಅಲ್ಲಿ ನಾನು ಜಾಸ್ತಿ ಮಾತಾಡಲಿಲ್ಲ. ಪೂಜೆಯ ಮನೆ, ವಾದ ಬೇಡ ಅನಿಸಿತು. ಆದರೆ ಮನೆಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಅವನಿಗೆ ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬಿಡುವಿದ್ದಾಗ ಓದಿ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ನನ್ನದೊಂದು ಚಿಕ್ಕ ಮಷೀನ್ ಶಾಪ್ ಇದೆ. ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೆತ್ತುವ ಎರಡು ಸಿಎನ್‌ಸಿ, ಒಂದು ವಿಎಂಸಿ, ಕೈಯಿಂದ ನಡೆಸುವ ಅಪ್ಪನ ಕಾಲದ ಒಂದು ಲೇತ್. ಹನ್ನೊಂದು ಜನ ಕೆಲಸ ಮಾಡುತ್ತಾರೆ. ನನ್ನ ಮೇಜಿನ ಮೇಲೆ ಅಂಗೈಯಗಲದ ಒಂದು ಉಕ್ಕಿನ ತುಂಡು ಇದೆ. ಅದರ ಕಥೆಯಿಂದಲೇ ಶುರು ಮಾಡುತ್ತೇನೆ.

ಅಪ್ಪ ಹಾಸನದ ಕಡೆಯ ಹಳ್ಳಿಯಿಂದ ಬಂದು, ಲೇತಿನಂಥ ಮಷೀನ್ ಮಾಡುವ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆ ಎಚ್‌ಎಂಟಿಗೆ ಅಪ್ರೆಂಟಿಸ್ ಆಗಿ ಸೇರಿದವರು. ಸೇರಿದ ದಿನ ಮಷೀನ್ ಕೊಡಲಿಲ್ಲ. ಒಂದು ಒರಟು ಉಕ್ಕಿನ ತುಂಡು ಕೊಟ್ಟರು, ಒಂದು ಅರ ಕೊಟ್ಟರು. ವೈಸ್‌ಗೆ ಕಚ್ಚಿಸಿ ಉಜ್ಜಿ ಉಜ್ಜಿ ಆರೂ ಮುಖ ಸಮ ಮಾಡಬೇಕು. ಮೂಲೆಮಟ್ಟ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಕೂದಲೆಳೆಯಷ್ಟೂ ಬೆಳಕು ಕಾಣಬಾರದು. ಕಂಡರೆ ಮತ್ತೆ ಉಜ್ಜು. ಒಂದು ಕಡೆ ಸರಿ ಮಾಡಲು ಹೋದರೆ ಇನ್ನೊಂದು ಕಡೆ ತಪ್ಪುತ್ತದೆ. ಹೀಗೆ ತಿಂಗಳುಗಟ್ಟಲೆ. ಅಂಗೈ ಬೊಬ್ಬೆ ಬಂದು, ಒಡೆದು, ಒಣಗಿ ಗಟ್ಟಿಯಾಗುವವರೆಗೆ. ಇಷ್ಟೂ ದಿನ ಅಪ್ಪನಿಗೆ ಸ್ಟೈಪೆಂಡ್ ಬರುತ್ತಿತ್ತು. ಕಾರ್ಖಾನೆಗೆ ಅವರಿಂದ ಒಂದು ಪೈಸೆಯ ಲಾಭ ಇರಲಿಲ್ಲ.

ಆ ತುಂಡು ಇದೇ. ಈಗಲೂ ಮೈಕ್ರೋಮೀಟರ್ ಹಿಡಿದರೆ ನಾಲ್ಕು ಮೂಲೆಯಲ್ಲೂ ಒಂದೇ ಅಳತೆ ತೋರಿಸುತ್ತದೆ.

ಯೋಚನೆ ಮಾಡಿ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಶುರುವಾದಾಗ ಈ ದೇಶದಲ್ಲಿ ಲೇತ್ ಮಾಡುವ ಕಾರ್ಖಾನೆ ಅಂತ ಹೇಳಿಕೊಳ್ಳುವಂಥದ್ದು ಎಷ್ಟಿತ್ತು? ಯಾವ ಸಾಹುಕಾರ ಹಳ್ಳಿ ಹುಡುಗನಿಗೆ ಸಂಬಳ ಕೊಟ್ಟು ತಿಂಗಳುಗಟ್ಟಲೆ ಸುಮ್ನೆ ಕಬ್ಬಿಣ ಉಜ್ಜಿಸುತ್ತಿದ್ದ? ಕಲಿತ ಮೇಲೆ ಆ ಹುಡುಗ ಪಕ್ಕದ ಕಾರ್ಖಾನೆಗೆ ಹೋಗಿಬಿಟ್ಟರೆ ಹಾಕಿದ ದುಡ್ಡು ಹೋಯಿತು. ಅದಕ್ಕೇ ಖಾಸಗಿಯವರು ಆ ತಂಟೆಗೆ ಹೋಗುವುದು ಕಡಿಮೆ. ಸರ್ಕಾರಕ್ಕೆ ಆ ಭಯ ಇಲ್ಲ. ಹುಡುಗ ಎಲ್ಲಿಗೆ ಹೋದರೂ ಊರೊಳಗೇ ಇರುತ್ತಾನಲ್ಲ.

ಅಪ್ಪ ಹೋಗಿದ್ದು ಪೀಣ್ಯಕ್ಕೆ. ತೊಂಬತ್ತರ ದಶಕದಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡು, ಬಂದ ದುಡ್ಡಿನಲ್ಲಿ ಒಂದು ಹಳೇ ಲೇತ್ ಕೊಂಡು ಬಾಡಿಗೆ ಶೆಡ್ಡಿನಲ್ಲಿ ಹಾಕಿಕೊಂಡರು. ಎಡಗಡೆ ಶೆಡ್ಡಿನವರು ಬಿಇಎಲ್‌ನಲ್ಲಿದ್ದವರು. ಎದುರಿಗಿನವರು ಐಟಿಐ ಟೂಲ್ ರೂಮಿನಿಂದ ಬಂದವರು. ಎರಡು ಶೆಡ್ಡು ಆಚೆ ಎಚ್‌ಎಎಲ್‌ನ ಫಿಟ್ಟರ್ ಒಬ್ಬರು. ಇಡೀ ರಸ್ತೆ ಸರ್ಕಾರಿ ಕಾರ್ಖಾನೆಗಳ ಶಿಷ್ಯರೇ. ಪೀಣ್ಯದಲ್ಲಿ ಯಾವ ರಸ್ತೆಗೆ ಹೋದರೂ ಇಂಥ ನಾಲ್ಕು ಜನ ಸಿಗುತ್ತಾರೆ. ಆಟೋ ಕಂಪನಿಗಳಿಗೆ, ವಿಮಾನದ ಬಿಡಿಭಾಗ ಮಾಡುವವರಿಗೆ, ಇಸ್ರೋಗೆ ಮಾಲು ಹೋಗುವುದು ಇಂಥ ಶೆಡ್ಡುಗಳಿಂದ.

ಇಷ್ಟು ಹೇಳಿದ ಮೇಲೆ ಎಚ್‌ಎಂಟಿ ವಾಚಿನ ಮಾತು ಬಿಡುವ ಹಾಗಿಲ್ಲ. ನನ್ನ ಅಕ್ಕನ ಮಗ ಅದನ್ನೇ ಹಿಡಿದುಕೊಂಡ. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಶುರುವಾಯಿತು. ನಮ್ಮ ಕಡೆ ಮದುವೆ ಗಂಡಿಗೆ ಎಚ್‌ಎಂಟಿ ವಾಚು ಕಟ್ಟದೆ ಧಾರೆ ಎರೆದ ಮಾವ ಇರಲಿಲ್ಲ ಅನ್ನಬಹುದು. ಆಮೇಲೆ ಜಗತ್ತು ಬ್ಯಾಟರಿಯ ಕ್ವಾರ್ಟ್ಜ್ ವಾಚಿನ ಕಡೆ ತಿರುಗಿತು. ಎಚ್‌ಎಂಟಿ ಕೀ ಕೊಡುವ ವಾಚನ್ನೇ ನೆಚ್ಚಿಕೊಂಡು ಕೂತಿತು. ಯಾವ ಮಾಡೆಲ್ ಮಾಡಬೇಕು, ಎಷ್ಟು ಜನ ಇರಬೇಕು, ಎಲ್ಲದಕ್ಕೂ ದೆಹಲಿಯ ಕಡೆ ನೋಡಬೇಕು. 2016ರಲ್ಲಿ ವಾಚು ಕಾರ್ಖಾನೆಗಳನ್ನು ಮುಚ್ಚಲು ಕೇಂದ್ರ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಈಗ ಇಸ್ರೋ ಕೈಯಲ್ಲಿದೆ. ಅಪ್ಪ ಆ ಸುದ್ದಿ ಪೇಪರಿನಲ್ಲಿ ಓದಿ ಪೇಪರ್ ಮಡಚಿಟ್ಟರು, ಅವತ್ತು ಊಟಕ್ಕೆ ಕರೆದರೂ ಬರಲಿಲ್ಲ.

ಎಚ್‌ಎಂಟಿಯನ್ನು ಮೂಲೆಗೆ ತಳ್ಳಿದ್ದು ಟೈಟಾನ್. ಇಲ್ಲಿಂದ ಒಂದು ಗಂಟೆ ದಾರಿಯ ಹೊಸೂರಿನಲ್ಲಿ ಕಾರ್ಖಾನೆ. ಎಲ್ಲರೂ ಇದನ್ನು ಖಾಸಗಿಯವರು ಸರ್ಕಾರವನ್ನು ಸೋಲಿಸಿದ ಕಥೆ ಅಂತ ಹೇಳುತ್ತಾರೆ. ಆದರೆ ಟೈಟಾನ್ 1984ರಲ್ಲಿ ಹುಟ್ಟಿದ್ದೇ ಟಾಟಾ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೋ ನಿಗಮ ಸೇರಿ ಮಾಡಿದ ಜಂಟಿ ಕಂಪನಿಯಾಗಿ. ಇವತ್ತಿಗೂ ಅದರ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಷೇರು ಟಿಡ್ಕೋ ಹತ್ತಿರ ಇದೆ. ಅಂದರೆ ಎರಡು ಕಡೆಯೂ ಸರ್ಕಾರವೇ ಇತ್ತು. ಒಂದು ಕಡೆ ಅದು ಕಾರ್ಖಾನೆಯ ಒಳಗೆ ಯಜಮಾನನಾಗಿ ಕೂತಿತ್ತು. ಇನ್ನೊಂದು ಕಡೆ ಬಂಡವಾಳ ಹಾಕಿ, ವ್ಯಾಪಾರ ಬಲ್ಲವರ ಕೈಗೆ ಕೊಟ್ಟು, ನಲವತ್ತು ವರ್ಷ ತಾಳ್ಮೆಯಿಂದ ಷೇರು ಇಟ್ಟುಕೊಂಡಿತು. ಆ ಷೇರು ಇವತ್ತು ತಮಿಳುನಾಡಿಗೆ ಎಂಥ ಆಸ್ತಿ ಅಂತ ಶೇರು ಮಾರ್ಕೆಟ್ ನೋಡುವವರಿಗೆ ಹೇಳಬೇಕಾಗಿಲ್ಲ. ಹೊಸೂರಿನ ಕಾರ್ಖಾನೆಗೆ ಶುರುವಿನಲ್ಲಿ ಕೈ ಹಚ್ಚಿದವರಲ್ಲಿ ಎಚ್‌ಎಂಟಿಯಲ್ಲಿ ಪಳಗಿದವರೂ ಇದ್ದರು.

ನನ್ನ ಮಾತು ಇಷ್ಟೇ. ಸರ್ಕಾರ ಜನಕ್ಕೆ ಕೆಲಸ ಕಲಿಸಬೇಕು, ಹೊಸದನ್ನು ಮಾಡುವವನಿಗೆ ಮೊದಲ ಗಿರಾಕಿ ಆಗಬೇಕು, ಯಾರೂ ಮುಂದೆ ಬರದ ಕಡೆ ಮೊದಲ ದುಡ್ಡು ಹಾಕಬೇಕು, ಹಾಕಿದ ದುಡ್ಡಿಗೆ ಲೆಕ್ಕ ಕೇಳಬೇಕು. ಅಂಗಡಿ ನಡೆಸುವುದನ್ನು ಬಲ್ಲವರಿಗೆ ಬಿಡಬೇಕು.

ಇದು ನಮ್ಮೂರಿಗೆ ಹೊಸದೂ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ತಯಾರಾದಾಗ ಅದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಮೈಸೂರು ಸರ್ಕಾರ ತಂತಿ ಎಳೆಯಿತು, ಗಣಿಯವರು ದುಡ್ಡು ಕೊಟ್ಟು ಕರೆಂಟ್ ಕೊಂಡರು. ಮೂರು ವರ್ಷದ ಮೇಲೆ, 1905ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಈ ಕೆಲಸಕ್ಕೆ ಮೊದಲ ದಿನದಿಂದಲೇ ಗಿರಾಕಿ ಇದ್ದ ಅನ್ನುವುದನ್ನು ಗಮನಿಸಿ.

ಗಂಧದ ಸೋಪಿನ ಕಥೆಯೂ ಹಾಗೇ. ನಮ್ಮ ಗಂಧದ ಮರ ಯೂರೋಪಿಗೆ ಹೋಗಿ ಅಲ್ಲಿ ಎಣ್ಣೆ ಆಗುತ್ತಿತ್ತು. ಮೊದಲ ಮಹಾಯುದ್ಧ ಬಂದು ಹಡಗು ನಿಂತವು, ಗಂಧದ ರಾಶಿ ಇಲ್ಲೇ ಕೊಳೆಯುವ ಹಾಗಾಯಿತು. ವಿಶ್ವೇಶ್ವರಯ್ಯನವರು ದಿವಾನರು ಆಗ. ಎಣ್ಣೆ ಇಲ್ಲೇ ತೆಗೆಯೋಣ ಅಂದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ತೆಗೆಯಲು ಶುರುವಾಯಿತು, ಆ ಎಣ್ಣೆಯಿಂದಲೇ ಸೋಪಿನ ಕಾರ್ಖಾನೆಯೂ ಬಂತು. ಅದರ ಹಿಂದೆಮುಂದೆ ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾಲಯ. ಸೋಪು ಮಾಡುವವನಿಗೆ ಸಾಲ ಬೇಕು, ಲೆಕ್ಕ ಬಲ್ಲ ಹುಡುಗರು ಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಮೈಸೂರು ಸ್ಯಾಂಡಲ್ ಇವತ್ತಿಗೂ ಸರ್ಕಾರದ್ದೇ, ಇವತ್ತಿಗೂ ಲಾಭದಲ್ಲಿದೆ. ಸರ್ಕಾರ ಮುಟ್ಟಿದ್ದೆಲ್ಲ ಹಾಳು ಅನ್ನುವವರ ಮನೆ ಬಚ್ಚಲಲ್ಲೂ ಅದು ಇರುತ್ತದೆ.

ಸಾಫ್ಟ್‌ವೇರ್ ಮಾತು ಚುಟುಕಾಗಿ ಹೇಳುತ್ತೇನೆ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಎಲೆಕ್ಟ್ರಾನಿಕ್ ಸಿಟಿಗೆ ಎಪ್ಪತ್ತರ ದಶಕದ ಕೊನೆಯಲ್ಲಿ ಜಾಗ ಮಾಡಿದ್ದು ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಅವರ ಕನಸು ಅದು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಾಗ ಉಪಗ್ರಹದ ಮೂಲಕ ಡೇಟಾ ಕಳಿಸಲು ಸರ್ಕಾರ ಒಪ್ಪದಿದ್ದರೆ ಆ ಕಚೇರಿ ನಡೆಯುತ್ತಲೇ ಇರಲಿಲ್ಲ. 1991ರಲ್ಲಿ ಎಸ್‌ಟಿಪಿಐ ಅನ್ನುವ ಕೇಂದ್ರದ ಸಾಫ್ಟ್‌ವೇರ್ ಪಾರ್ಕುಗಳ ಸಂಸ್ಥೆ ಬಂತು, ಜೊತೆಗೆ ಆದಾಯ ತೆರಿಗೆ ವಿನಾಯಿತಿಯೂ ಸಿಕ್ಕಿತು. 1997ರಲ್ಲಿ ಐಟಿ ನೀತಿ, ಈ ದೇಶದಲ್ಲಿ ಮೊದಲು ಮಾಡಿದ್ದು ಕರ್ನಾಟಕ. ಆ ಕಂಪನಿಗಳಿಗೆ ಸೇರಿದ ಹುಡುಗರಲ್ಲಿ ಎಷ್ಟೋ ಜನ ಓದಿದ್ದು ಸರ್ಕಾರ ನಡೆಸಿದ ಕಾಲೇಜುಗಳಲ್ಲಿ, ಫೀಸು ಕೈಗೆಟುಕುವಷ್ಟಿತ್ತು. ಇದೆಲ್ಲ ಕೈ ಬಿಟ್ಟಿದ್ದರಿಂದ ಆಗಿದ್ದಲ್ಲ ಕಂದ.

ಅವನು ಹೇಳಿದ್ದರಲ್ಲಿ ನಿಜ ಇಲ್ಲ ಅನ್ನುವುದಿಲ್ಲ. ಅದೇ ಸರ್ಕಾರ ಕೈ ಕಟ್ಟಿಯೂ ಹಾಕಿತ್ತು. ಒಂದು ಕಂಪ್ಯೂಟರ್ ತರಿಸಲು ವರ್ಷಗಟ್ಟಲೆ ದೆಹಲಿಗೆ ಅಲೆದ ಕಥೆಯನ್ನು ಇನ್ಫೋಸಿಸ್ ನಾರಾಯಣಮೂರ್ತಿಯವರು ಎಷ್ಟೋ ಸಲ ಹೇಳಿದ್ದಾರೆ. ಟೆಲಿಫೋನಿಗೆ ಅರ್ಜಿ ಹಾಕಿ ಮಕ್ಕಳು ದೊಡ್ಡವರಾಗುವವರೆಗೆ ಕಾದ ಮನೆಗಳಿದ್ದವು. ಲೈಸೆನ್ಸಿನಲ್ಲಿ ಬರೆದಿದ್ದಕ್ಕಿಂತ ಜಾಸ್ತಿ ಮಾಲು ಮಾಡಿದರೆ ಅದೂ ತಪ್ಪು. ಚೆನ್ನಾಗಿ ದುಡಿಯುವವನನ್ನು ದಂಡಿಸುವ ಕಾನೂನು ಅದು. 1991ರಲ್ಲಿ ಅದು ಹೋಗಿದ್ದು ಒಳ್ಳೆಯದೇ ಆಯಿತು, ಅಪ್ಪ ಧೈರ್ಯ ಮಾಡಿ ಶೆಡ್ಡು ಹಾಕಿದ್ದೂ ಆ ಗಾಳಿಯಲ್ಲೇ.

ಹೊರಗಿನವರು ಏನು ಮಾಡಿದರು ನೋಡಿ. 1953ರಲ್ಲಿ, ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾದ ವರ್ಷವೇ, ಕೊರಿಯಾದಲ್ಲಿ ಯುದ್ಧ ನಿಂತಿತು. ದೇಶ ಬೂದಿಯಾಗಿತ್ತು. ಅರವತ್ತರ ದಶಕದಲ್ಲಿ ದಕ್ಷಿಣ ಕೊರಿಯಾದ ಸರ್ಕಾರ ಬ್ಯಾಂಕುಗಳನ್ನು ಕೈಯಲ್ಲಿಟ್ಟುಕೊಂಡು ಕಾರ್ಖಾನೆಯವರಿಗೆ ಅಗ್ಗದ ಸಾಲ ಕೊಟ್ಟಿತು. ಷರತ್ತು ಒಂದೇ, ಇಷ್ಟು ಮಾಲು ಹೊರದೇಶಕ್ಕೆ ಮಾರಿ ತೋರಿಸು. ತೋರಿಸದಿದ್ದರೆ ಸಾಲ ನಿಂತಿತು. ಉಕ್ಕಿನ ಕಾರ್ಖಾನೆ ಕಟ್ಟುತ್ತೇವೆ ಅಂದಾಗ ಇದು ನಡೆಯುವುದಿಲ್ಲ ಅಂತ ವಿಶ್ವಬ್ಯಾಂಕು ಬೆನ್ನು ತಿರುಗಿಸಿತು. ಸರ್ಕಾರವೇ 1968ರಲ್ಲಿ ಪೋಸ್ಕೋ ಕಟ್ಟಿತು, 1973ರಲ್ಲಿ ಉಕ್ಕು ಹೊರಬಂತು, ಮುಂದೆ ಅದು ಜಗತ್ತಿನ ದೊಡ್ಡ ಉಕ್ಕಿನ ಕಂಪನಿಗಳಲ್ಲಿ ಒಂದಾಯಿತು. ಕೆಲಸ ಮುಗಿದ ಮೇಲೆ 2000ದ ಹೊತ್ತಿಗೆ ಸರ್ಕಾರ ತನ್ನ ಷೇರು ಮಾರಿ ಹೊರಗೆ ಬಂತು. ತೈವಾನಿನಲ್ಲಿ 1973ರಲ್ಲಿ ಸರ್ಕಾರ ಒಂದು ಕೈಗಾರಿಕಾ ಸಂಶೋಧನಾ ಸಂಸ್ಥೆ ಮಾಡಿತು. ಅದರ ಹೊಟ್ಟೆಯಿಂದಲೇ 1987ರಲ್ಲಿ ಚಿಪ್ಪು ಮಾಡುವ ಕಂಪನಿ ಟಿಎಸ್‌ಎಂಸಿ ಹುಟ್ಟಿತು. ಶುರುವಿನ ಬಂಡವಾಳದಲ್ಲಿ ಅರ್ಧದ ಹತ್ತಿರ ಸರ್ಕಾರದ್ದು. ಇವತ್ತು ನಮ್ಮ ಜೇಬಿನ ಫೋನಿನೊಳಗಿನ ಮುಖ್ಯ ಚಿಪ್ಪು ಬಹುಪಾಲು ಅಲ್ಲಿಂದ ಬರುತ್ತದೆ. ಕೊರಿಯಾದಲ್ಲಿ ಕಾರ್ಮಿಕರ ಬಾಯಿ ಮುಚ್ಚಿಸಿ ಇದನ್ನೆಲ್ಲ ಮಾಡಿದರು, ಅದು ನಮಗೆ ಬೇಡ. ಸಾಲಕ್ಕೆ ಲೆಕ್ಕ ಕೇಳಿದ್ದು ಮಾತ್ರ ಬೇಕೇ ಬೇಕು.

ಇನ್ನೊಂದು ವಿಷಯ ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಆಗುವುದಿಲ್ಲ. ಐವತ್ತರ ದಶಕದಿಂದ ತೊಂಬತ್ತರ ದಶಕದ ಶುರುವಿನವರೆಗೆ ಕೇಂದ್ರದ ಒಂದು ನೀತಿ ಇತ್ತು, ಸಾಗಣೆ ವೆಚ್ಚ ಸಮಾನಗೊಳಿಸುವ ನೀತಿ. ಉಕ್ಕನ್ನು ಜಮ್‌ಶೆಡ್‌ಪುರದ ಪಕ್ಕದಲ್ಲಿ ಕೊಂಡರೂ ಬೆಂಗಳೂರಿನಲ್ಲಿ ಕೊಂಡರೂ ಒಂದೇ ರೇಟು. ನಮಗೆ ಅನುಕೂಲ ಆಯಿತು. ಗಣಿ, ಕಲ್ಲಿದ್ದಲು ಎಲ್ಲ ಮಡಿಲಲ್ಲಿ ಇಟ್ಟುಕೊಂಡ, ಆಗ ಜಾರ್ಖಂಡ್ ಕೂಡ ಸೇರಿದ್ದ ಬಿಹಾರ, ಒಡಿಶಾ ಕಡೆಯವರಿಗೆ ಸಿಗಬೇಕಾದ ಅನುಕೂಲ ಹೋಯಿತು. ಅಲ್ಲಿ ಬರಬೇಕಾಗಿದ್ದ ಎಷ್ಟೋ ಕಾರ್ಖಾನೆ ಪಶ್ಚಿಮಕ್ಕೆ, ದಕ್ಷಿಣಕ್ಕೆ ಬಂದವು. ನನ್ನ ಶೆಡ್ಡಿನಲ್ಲಿ ಇಬ್ಬರು ಜಾರ್ಖಂಡಿನ ಹುಡುಗರಿದ್ದಾರೆ. ಆರು ತಿಂಗಳಲ್ಲಿ ಕನ್ನಡ ಕಲಿತು "ಅಣ್ಣ, ಇನ್ಸರ್ಟ್ ಹೋಗಿದೆ, ಬೇರೆ ಕೊಡಿ" ಅನ್ನುತ್ತಾರೆ (ಇನ್ಸರ್ಟ್ ಅಂದರೆ ಟೂಲಿನ ಕತ್ತರಿಸುವ ತುದಿ). ಮಾಲು ಅವರೂರಿನದು, ಕೆಲಸ ಇಲ್ಲಿ. ಹೊರಗಿನವರು ಬಂದು ತುಂಬಿಕೊಂಡರು ಅಂತ ಯಾರಾದರೂ ಬೈದಾಗ ನನಗೆ ಇದೇ ನೆನಪಾಗುತ್ತದೆ. ಸರ್ಕಾರದ ಒಂದು ಕಾಗದ ಒಂದು ಊರನ್ನು ಎತ್ತುತ್ತದೆ, ಇನ್ನೊಂದು ಊರನ್ನು ಅಲ್ಲೇ ಬಿಟ್ಟುಬಿಡುತ್ತದೆ. ಎತ್ತಿಸಿಕೊಂಡ ಊರಿನವರಾದ ನಮಗೆ ಅದು ತಿಳಿದಿರಬೇಕು.

ಈಗ ನನ್ನ ಸಂಕಟ. ಕೆಲವು ವರ್ಷಗಳ ಹಿಂದೆ ಒಂದು ಸರ್ಕಾರಿ ಸಂಸ್ಥೆಗೆ ಬಿಡಿಭಾಗ ಮಾಡಿ ಕೊಟ್ಟೆ. ಹೆಸರು ಬೇಡ. ಮಾಲು ಪಾಸಾಯಿತು, ಒಂದು ಪೀಸೂ ರಿಜೆಕ್ಟ್ ಆಗಲಿಲ್ಲ. ಬಿಲ್ಲಿನ ದುಡ್ಡು ಬರಲು ಎಂಟು ತಿಂಗಳು. ಇವತ್ತು ಬಾ, ನಾಳೆ ಬಾ, ಫೈಲು ಮೇಲೆ ಹೋಗಿದೆ, ಸಾಹೇಬರು ರಜೆ. ನಾನು ಜಿಎಸ್‌ಟಿ ಕಟ್ಟಿಯಾಗಿತ್ತು, ಬಾರದ ದುಡ್ಡಿಗೆ. ಸ್ಟೀಲಿನವರು ದಿನಾ ಫೋನು. ಏಳನೇ ತಿಂಗಳು ಹುಡುಗರ ಸಂಬಳಕ್ಕೆ ಅಂತ ಹೆಂಡತಿ ತಾನಾಗಿಯೇ ಬಳೆ ಬಿಚ್ಚಿ ಕೊಟ್ಟಳು. ಅಡ ಇಟ್ಟೆ. ಸಣ್ಣ ಕೈಗಾರಿಕೆಗಳಿಗೆ ಅಂತ ಮಾಡಿದ 2006ರ ಎಂಎಸ್‌ಎಂಇ ಕಾಯ್ದೆ 45 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಅನ್ನುತ್ತದೆ. ದೂರು ಕೊಡಲು ಸಮಾಧಾನ್ ಅಂತ ಪೋರ್ಟಲ್ ಇದೆ. ಆದರೆ ಮುಂದಿನ ಆರ್ಡರ್ ಅವರಿಂದಲೇ ಬರಬೇಕಾದವನು ಅವರ ಮೇಲೆ ದೂರು ಕೊಡುತ್ತಾನಾ? ಪೀಣ್ಯದಲ್ಲಿ ಯಾರನ್ನು ಬೇಕಾದರೂ ಕೇಳಿ.

ಈ ಒಂದು ಕೆಲಸ ಸರಿ ಮಾಡಲಿ ಸಾಕು. ಹೊಸ ಯೋಜನೆ ಬೇಡ, ಹೊಸ ಲೋಗೋ ಬೇಡ. ಸರ್ಕಾರವೂ ಅದರ ಕಂಪನಿಗಳೂ ತೆಗೆದುಕೊಂಡ ಮಾಲಿಗೆ 45 ದಿನದಲ್ಲಿ ದುಡ್ಡು ಹಾಕಲಿ. ಇದಕ್ಕಿಂತ ದೊಡ್ಡ ಪ್ರೋತ್ಸಾಹ ಸಣ್ಣ ಕೈಗಾರಿಕೆಗೆ ಇಲ್ಲ.

ಅದು ಬಿಟ್ಟು ನಮ್ಮ ಸರ್ಕಾರಗಳಿಗೆ ಕೈಗಾರಿಕೆ ಅಂದ ಕೂಡಲೇ ನೆನಪಾಗುವುದು ಜಮೀನು. ದೇವನಹಳ್ಳಿ ಕಡೆ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಅಂತ ಹೊರಟರು. ರೈತರು ಮೂರು ವರ್ಷಕ್ಕಿಂತ ಜಾಸ್ತಿ ಧರಣಿ ಕೂತರು. 2025ರ ಜುಲೈನಲ್ಲಿ ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಡುವುದಾಗಿ ಹೇಳಿದರು. ನಾನು ಕಾರ್ಖಾನೆಯವನು, ಆದರೂ ಆ ದಿನ ಖುಷಿಪಟ್ಟೆ. ಅದು ದ್ರಾಕ್ಷಿ, ತರಕಾರಿ ಬೆಳೆಯುವ ನೆಲ, ಬೆಂಗಳೂರಿಗೆ ಆ ಕಡೆಯಿಂದಲೂ ತರಕಾರಿ ಬರುತ್ತದೆ. ಪೀಣ್ಯದ ರಸ್ತೆ ನೋಡಿದ್ದೀರಾ? ಮಳೆ ಬಂದರೆ ಲಾರಿ ಹೂತುಹೋಗುತ್ತದೆ. ಕರೆಂಟ್ ಒಂದು ಸೆಕೆಂಡ್ ಹೋದರೂ ನಡೆಯುತ್ತಿರುವ ಜಾಬ್ ಕೆಡುತ್ತದೆ, ಟೂಲ್ ಮುರಿಯುತ್ತದೆ, ಕೆಲವು ಸಾವಿರ ಅಲ್ಲೇ ಹೋಯಿತು. ಇದ್ದ ಪೀಣ್ಯವನ್ನು ಸರಿ ಮಾಡದೆ ಹೊಸ ಎಕರೆ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಸರಿಯಾದ ಕಡೆ ಕೈ ಹಾಕಿದಾಗ ಗೊತ್ತಾಗುತ್ತದೆ. ನಮ್ಮಲ್ಲಿ ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಕೂರುವ ಹೆಣ್ಣುಮಗಳು ನೆಲಮಂಗಲದ ಆಚೆಯಿಂದ ಬರುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ಹೋಗುತ್ತಿದ್ದ ದುಡ್ಡು ಉಳಿಯಿತು. ಮೊದಲು ಊರ ಹತ್ತಿರವೇ ಕಡಿಮೆ ಸಂಬಳಕ್ಕೆ ಹೋಗುತ್ತಿದ್ದಳು, ದೂರ ಆಗುತ್ತದೆ ಅಂತ. ಅವಳ ಕಣ್ಣು ತಪ್ಪಿಸಿ ಅಂಚಿನಲ್ಲಿ ಲೋಹದ ಚೂರು (ಬರ್) ಉಳಿದ ಒಂದು ಪೀಸ್ ಹೊರಗೆ ಹೋಗುವುದಿಲ್ಲ. ಬಿಟ್ಟಿ ಭಾಗ್ಯ ಅಂತ ಬೈಯುವವರು ಅವಳ ಎದುರಿಗೆ ಒಂದು ದಿನ ಕೂರಬೇಕು.

ಈಗ ದೇವನಹಳ್ಳಿ ಕಡೆ ಫೋನು ಜೋಡಿಸುವ ದೊಡ್ಡ ಕಾರ್ಖಾನೆ ಬಂದಿದೆ. ಪಿಎಲ್‌ಐ ಅಂತ 2020ರಲ್ಲಿ ಕೇಂದ್ರ ಪ್ರೋತ್ಸಾಹಧನ ಶುರು ಮಾಡಿತು, ಮಾಲು ಮಾಡಿ ತೋರಿಸಿದರೆ ಮಾತ್ರ ದುಡ್ಡು. ಒಳ್ಳೆಯ ಷರತ್ತು. ಸಾವಿರಾರು ಹೆಣ್ಣುಮಕ್ಕಳಿಗೆ ಕೆಲಸ ಸಿಗುತ್ತಿದೆ, ಸಂತೋಷ. ನನ್ನ ಪ್ರಶ್ನೆ, ಆ ಫೋನಿನ ಭಾಗಗಳಿಗೆ ಬೇಕಾದ ಅಚ್ಚುಗಳನ್ನು, ಅಂದರೆ ಡೈ, ಮೋಲ್ಡನ್ನು, ಭಾಗ ಹಿಡಿದು ನಿಲ್ಲಿಸುವ ಜಿಗ್ಗನ್ನು ಮಾಡುವುದನ್ನು ನಮ್ಮ ಹುಡುಗರಿಗೆ ಯಾರು ಕಲಿಸುತ್ತಾರೆ? 1962ರಲ್ಲಿ ತುಮಕೂರು ರಸ್ತೆಯಲ್ಲಿ ಮಷೀನ್ ತಂತ್ರಜ್ಞಾನದ ಕೇಂದ್ರ ಸಂಸ್ಥೆ ಸಿಎಂಟಿಐ ಕಟ್ಟಿದರು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿ ಅಚ್ಚು, ಟೂಲು ಮಾಡುವುದನ್ನು ಕಲಿಸುವ ಜಿಟಿಟಿಸಿ ಟೂಲ್ ರೂಮ್ ಮಾಡಿದರು. ಅಲ್ಲಿ ಕಲಿತ ಹುಡುಗರಿಗೆ ಇವತ್ತಿಗೂ ಪೀಣ್ಯದಲ್ಲಿ ಎಲ್ಲರೂ ಕಾಯುತ್ತಾರೆ. ಆ ಧೈರ್ಯ, ಆ ದೂರದ ನೋಟ ಇವತ್ತು ಬೇಕು. ಹತ್ತು ಪಟ್ಟು ಬೇಕು.

ಅಪ್ಪನಿಗೆ ಕಲಿಸಿದ ಹಾಗೆ ಕಲಿಸುವ ಶಕ್ತಿ ನನ್ನಂಥ ಸಣ್ಣ ಶೆಡ್ಡಿಗೆ ಇಲ್ಲ. ಆದರೆ 2016ರಿಂದ ಕೇಂದ್ರದ ಅಪ್ರೆಂಟಿಸ್ ಯೋಜನೆ ಇದೆ, ಸ್ಟೈಪೆಂಡಿನಲ್ಲಿ ಕಾಲು ಭಾಗ, 1,500 ರೂಪಾಯಿವರೆಗೆ, ಸರ್ಕಾರ ಕೊಡುತ್ತದೆ. ಅದನ್ನು ಹಿಡಿದುಕೊಂಡು ನಾನು ವರ್ಷಕ್ಕೆ ಇಬ್ಬರನ್ನು ತೆಗೆದುಕೊಳ್ಳುತ್ತಿದ್ದೇನೆ. ಈ ಸಲವೂ ಇಬ್ಬರು ಬೇಕು. ಐಟಿಐ ಕೋರ್ಸ್ ಅಥವಾ ಡಿಪ್ಲೊಮಾ ಮುಗಿಸಿದವರು, ಹುಡುಗ ಹುಡುಗಿ ಯಾರಾದರೂ ಸರಿ. ಮೊದಲ ಎರಡು ತಿಂಗಳು ಸಿಎನ್‌ಸಿ ಮುಟ್ಟಲು ಬಿಡುವುದಿಲ್ಲ. ಒಂದು ಉಕ್ಕಿನ ತುಂಡು, ಒಂದು ಅರ, ಒಂದು ಮೂಲೆಮಟ್ಟ ಕೊಡುತ್ತೇನೆ. ನಿಮ್ಮ ಕಡೆ ಯಾರಾದರೂ ಇದ್ದರೆ ಮೆಸೆಂಜರ್‌ನಲ್ಲಿ ಹೇಳಿ, ಶನಿವಾರ ಬೆಳಿಗ್ಗೆ ಶೆಡ್ಡಿಗೆ ಕಳಿಸಿ. ಅಕ್ಕನ ಮಗನೂ ಅವತ್ತು ಬರುತ್ತೇನೆ ಅಂದಿದ್ದಾನೆ.